ಹುಲಿಗಲ್ಲಹಳ್ಳಿಯಿಂದ ಅಪ್ಪಾಜಿಗೆ

ಹುಲಿಗಲ್ಲಹಳ್ಳಿ, ತರೀಕೆರೆ ತಾಲ್ಲೂಕು
೧೨ ಜನವರಿ ೧೯೭೮

ಅಪ್ಪಾಜಿಯವರಿಗೆ ಮಗಳು ಶಿವಗಂಗಾಳ ಶರಣು.

ನಿಮ್ಮ ಕಾಗದ ಬಂತು. ಕಂಟ್ರಾಕ್ಟರ್ ಚನ್ನವೀರಪ್ಪನವರ ಕಾಲಿಗೆ ಬಿದ್ದು ತಪ್ಪಾಯಿತು ಅಂದರೆ, ಅವರ ಮಗನ ಜೊತೆ ಗೊತ್ತಾದ ನನ್ನ ಮದುವೆ ಮುರಿಯುವುದಿಲ್ಲ ಎಂದು ಬರೆದಿದ್ದೀರಿ. ನಡೆದದ್ದನ್ನು ನನ್ನ ಬಾಯಿಂದಲೂ ಕೇಳಿ.

ಈ ಊರು ಗುಡ್ಡದ ಬುಡದಲ್ಲಿದೆ. ಯಾವುದೋ ಕಾಲದಲ್ಲಿ ಊರ ದನ ಉಳಿಸಲು ಹೋಗಿ ಹುಲಿಗೆ ಬಲಿಯಾದವನ ವೀರಗಲ್ಲು ಹಳ್ಳದ ದಂಡೆಯಲ್ಲಿದೆ. ಊರಿಗೆ ಹೆಸರು ಬಂದದ್ದೇ ಅದರಿಂದ. ಯಾರ ಮನೆಯ ಹಸು ಕರು ಹಾಕಿದರೂ ಮೊದಲ ಗಿಣ್ಣುಹಾಲು ಇವತ್ತಿಗೂ ಆ ಕಲ್ಲಿಗೇ.

ರಸ್ತೆಯ ಮೋರಿ ಕಟ್ಟಲು ಚನ್ನವೀರಪ್ಪನವರ ಆಳುಗಳು ಅದನ್ನು ಕೆಡವಿ, ಒಡೆಯಲು ಸುತ್ತಿಗೆ ಎತ್ತಿದ್ದರು. ನಾನು ಶಾಲೆಯಿಂದ ಓಡಿಹೋಗಿ ಕಲ್ಲಿನ ಮೇಲೆ ಕೂತುಬಿಟ್ಟೆ.

"ಏಳಮ್ಮಾ, ನಮ್ಮನೆ ಸೊಸೆ ಆಗೋಳು ನೀನು" ಅಂದರು ಅವರು.

"ಇನ್ನೂ ಆಗಿಲ್ಲ ಕಣ್ರೀ. ಈಗ ಈ ಊರಿನ ಟೀಚರು" ಅಂದೆ.

ಊರಿಗೇ ಹಿರಿಯರಾದ ತೀರ್ಥಮ್ಮಜ್ಜಿ ಬಂದು ನನ್ನ ಪಕ್ಕ ಕೂತರು. ಅವರ ಹಿಂದೆಯೇ ಊರಿನ ಹೆಂಗಸರೆಲ್ಲ ಬಂದರು. ಚನ್ನವೀರಪ್ಪನವರು ಬೈದುಕೊಂಡು ಹೊರಟುಹೋದರು.

ನಾನು ಅವರ ಕಾಲಿಗೆ ಬೀಳುವುದಿಲ್ಲ, ಅಪ್ಪಾಜಿ. ಸಖರಾಯಪಟ್ಟಣದ ನಮ್ಮ ತೋಟದ ಮನೆಯಲ್ಲಿರುವ ದಪ್ಪ ತೆಂಗಿನ ನಾರಿನ ಹಗ್ಗವನ್ನು ಬಸ್ಸಿಗೆ ಹಾಕಿ ತರೀಕೆರೆಗೆ ಕಳಿಸಿಕೊಡಿ. ಭಾನುವಾರ ಕಲ್ಲನ್ನು ಮತ್ತೆ ನಿಲ್ಲಿಸುತ್ತೇವೆ. ಅಮ್ಮನಿಗೆ ಅಳಬೇಡ ಅನ್ನಿ.

ಹುಡುಗನಿಗೆ ಇನ್ನೂ ನನ್ನ ಮೇಲೆ ಮನಸ್ಸಿದ್ದರೆ ಅವತ್ತೇ ಬರಲಿ. ಎಳೆಯಲು ಗಂಡಾಳು ಸಾಲದಾಗಿದೆ.

ನಿಮ್ಮ ಮಗಳು,
ಶಿವಗಂಗಾ