ನೀಲಿ ಬಣ್ಣದ ಕಲ್ಲು

ಗಣಿಯ ಶೆಡ್ಡಿನಿಂದ,
ಭಾನುವಾರ, ಮೇ ೧೨

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ದಿನವಿಡೀ ರೋಗಿಗಳನ್ನು ಎತ್ತಿ ಕೂರಿಸುವವಳು ನೀನೂ ಸ್ವಲ್ಪ ಕೂರಬಾರದೇ? ಇಲ್ಲಿ ಎಲ್ಲರೂ ಆರಾಮ. ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದೆ. ಅಮ್ಮ ಬಂದ ಮೇಲೇ ಹೊಸದು ಬರಲಿ ಎಂದು ಬಾಯಿ ಮುಚ್ಚಿಕೊಂಡು ಓಡಾಡುತ್ತಾಳೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಒಂದು ಪೀರಿಯಡ್ ಕೂರಲಾರದೆ ಶಾಲೆ ಬಿಟ್ಟ ನನಗೆ ಭಾವ ಕೊಡಿಸಿದ್ದು ಕೂರುವ ಕೆಲಸವನ್ನೇ! ಚಿನ್ನದ ಗಣಿ ಎಂದರೆ ನಾನೂ ಏನೇನೋ ಅಂದುಕೊಂಡಿದ್ದೆ. ಇರುವುದು ಒಂದು ದೊಡ್ಡ ಗುಂಡಿ, ಕಲ್ಲನ್ನು ಮೇಲಿನ ಶೆಡ್ಡಿಗೆ ಸಾಗಿಸುವ ಉದ್ದನೆಯ ರಬ್ಬರ್ ಬೆಲ್ಟು. ಅಲ್ಲಿ ಕಲ್ಲನ್ನು ಪುಡಿಮಾಡಿ ಚಿನ್ನ ತೆಗೆಯುತ್ತಾರಂತೆ. ಷೇರು ಕೊಳ್ಳುವವರ ವ್ಯಾನು ತಿರುವಿನಲ್ಲಿ ಹಾರ್ನ್ ಹೊಡೆದಾಗ ನಾನು ಬೆಲ್ಟಿನ ಸ್ವಿಚ್ಚು ಹಾಕಬೇಕು, ಅವರು ಹೋದ ಮೇಲೆ ಆರಿಸಬೇಕು. ಉಳಿದ ಹೊತ್ತು ಸುಮ್ಮನಿರಬೇಕು. ನಾನು ಸುಮ್ಮನಿರುವವನೇ? ಹೋದ ತಿಂಗಳು ಪಕ್ಕದ ಕಂಬಿಗಳಿಗೆ ನೀಲಿ ಬಣ್ಣ ಬಳಿಯಲು ಹೋಗಿ ಡಬ್ಬಿ ಕೈಜಾರಿತು. ಬೆಲ್ಟಿನ ಮೇಲಿದ್ದ ದಪ್ಪ ಕಲ್ಲೊಂದು ಅರ್ಧ ನೀಲಿಯಾಯಿತು. ಮರುದಿನ ಬಂದವರ ಮುಂದೆ ಅದು ಮೇಲಕ್ಕೆ ಹೋಯಿತು. ವಾರ ಬಿಟ್ಟು ಬೇರೆಯವರು ಬಂದಾಗ ನೋಡುತ್ತೇನೆ, ಅದೇ ನೀಲಿ ಕಲ್ಲು ಮತ್ತೆ ಕೆಳಗಿನಿಂದ ಠೀವಿಯಾಗಿ ಬರುತ್ತಿದೆ! ಸಂಜೆ ಕಾದು ನೋಡಿದೆ. ಟ್ರ್ಯಾಕ್ಟರಿನವನು ಮೇಲಿನ ಕಲ್ಲನ್ನೇ ತಂದು ಕೆಳಗೆ ಸುರಿಯುತ್ತಿದ್ದ.

"ಸಾರ್, ಕಲ್ಲಿಗೇನು ಕಾಲು ಬಂದಿದೆಯಾ?" ಎಂದು ಮ್ಯಾನೇಜರನ್ನು ಕೇಳಿದೆ. "ಸ್ವಿಚ್ ಹಾಕೋಕೆ ಸಂಬಳ ಕೊಡ್ತೀವಿ, ಕಲ್ಲಿನ ಗುರುತು ಇಟ್ಕೊಳ್ಳೋಕಲ್ಲ" ಎಂದರು. ಭಾವನಿಗೂ ಹೇಳಿದೆ. "ಒಂಬತ್ತನೇ ಕ್ಲಾಸು ದಾಟದವನು ನನಗೆ ಗಣಿ ಪಾಠ ಹೇಳ್ಬೇಡ ಕಣೋ" ಎಂದು ನಕ್ಕುಬಿಟ್ಟರು.

ಭಾವ ಮೋಸಗಾರರಲ್ಲ ಅಕ್ಕಾ. ಷೇರಿನ ಬೆಲೆ ಏರಿದರೆ ನೀನು ಈ ವರ್ಷವೇ ಕೆಲಸ ಬಿಟ್ಟು ಮನೆಗೆ ಬರುತ್ತೀಯ ಎಂದು ಮೊದಲು ನಂಬಿದವರು ಅವರೇ. ಆಮೇಲೆ ನಿನ್ನನ್ನು ನಂಬಿಸಿದರು, ಗೆಳೆಯರನ್ನು ನಂಬಿಸಿದರು. ಅಷ್ಟು ಆಸೆಯಿಂದ ಬಂದವರಿಗೆ ಬೆಲ್ಟು ಓಡುವ ಸದ್ದೇ ಸಾಕು, ಅದನ್ನು ಪ್ರತಿ ಸಲ ನೋಡುತ್ತಿದ್ದೇನೆ. ಆ ಗುಂಡಿಯಲ್ಲಿ ಚಿನ್ನ ಇಲ್ಲವೇ ಇಲ್ಲ ಎಂದು ನಾನು ಆಣೆ ಮಾಡಲಾರೆ, ಬಗೆದು ನೋಡಿದವನಲ್ಲ. ಆದರೆ ಚಿನ್ನ ಸಿಗುತ್ತಿದ್ದರೆ ಒಂದೇ ಕಲ್ಲನ್ನು ಯಾಕೆ ಮೆರವಣಿಗೆ ಮಾಡಿಸುತ್ತಾರೆ? ಇದಕ್ಕೆ ಯಾರಾದರೂ ಸರಿಯಾದ ಉತ್ತರ ಕೊಟ್ಟರೆ ನಾಳೆಯೇ ಬಾಯಿ ಮುಚ್ಚುತ್ತೇನೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಊಟ ತಪ್ಪಿಸಬೇಡ.

ಬಹಳ ದಿನದಿಂದ ನಿನ್ನ ಬೈಗುಳ ಕೇಳದೆ ಸೊರಗಿರುವ,
ನಿನ್ನ ತಮ್ಮ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಿಂಗಳ ಕೊನೆಗೆ ಷೇರಿನ ದುಡ್ಡು ಕಳಿಸಬೇಡ. ಬುಧವಾರದ ವ್ಯಾನಿನಲ್ಲಿ ಭಾವ ತಮ್ಮ ಗೆಳೆಯರನ್ನು ಕರೆತರುತ್ತಾರೆ. ಹಾರ್ನ್ ಎಷ್ಟು ಹೊಡೆದರೂ ನಾನು ಸ್ವಿಚ್ಚು ಹಾಕುವುದಿಲ್ಲ. ನೀಲಿ ಕಲ್ಲನ್ನು ಅವರು ಇಳಿಯುವ ಜಾಗದಲ್ಲಿಟ್ಟು, ಅದರ ಕಥೆ ಹೇಳಲು ಪಕ್ಕದಲ್ಲೇ ನಿಂತಿರುತ್ತೇನೆ. ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಅದೆಲ್ಲ ಆಗಿಹೋಗಿರುತ್ತದೆ. ಫೋನಿನಲ್ಲಿ ಭಾವನ ದನಿ ಸಣ್ಣಗಾಗಿದ್ದರೆ ಗಣಿಯ ವಿಷಯ ಎತ್ತಬೇಡ. ಮಗಳ ಹಲ್ಲಿನ ಬಗ್ಗೆ ಕೇಳು.