ಬೊಳ್ಳಿ ನಿಲ್ಲಿಸಿದ ಕಡೆ

ಕರಡಿಕಲ್ಲು ಕಾಡು
ಫೆಬ್ರವರಿ ಮೂವತ್ತು, 2187

ಕರಡಿಕಲ್ಲಿನ ಸಂಸ್ಕೃತಿ ಕೇಂದ್ರಕ್ಕೂ ಸಂಗೀತ ಸಂಗ್ರಹಾಲಯಕ್ಕೂ ಈಗಷ್ಟೇ ನಕ್ಷೆ ಬರೆಯುತ್ತಿರುವವರಿಗೆ,

ಮೇಲಿನ ತಾರೀಖು ಕೈತಪ್ಪಿನಿಂದ ಬಂದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮದೇ ನಕ್ಷೆಗಳ ಅಂಚಿನ ಟಿಪ್ಪಣಿಗಳಿಂದ. ಮಾತು ಅಲ್ಲಲ್ಲಿ ಬಿಗಿಯಾಗಿ, ಗೋಡೆಯ ಅಳತೆ ಹೇಳಿದಂತೆ ಕೇಳಿಸಿದರೆ ಮನ್ನಿಸಬೇಕು. ನನ್ನ ಹೆಸರು ಶಾಲ್ಮಲಿ. ನೀವು ಮಾಡುವ ಕೆಲಸವನ್ನೇ ಮಾಡುತ್ತೇನೆ. ನೀವು ಕಟ್ಟಲಿರುವ ಸಂಗ್ರಹಾಲಯ ನನ್ನ ಕಾಲಕ್ಕೆ ಹಳೆಯದಾಗಿದೆ. ಅದರ ಬದಲಿಗೆ ಹೊಸದನ್ನು ಯೋಜಿಸುವ ಹೊಣೆ ನನಗೆ ಬಂತು. ಆಗ ನಡೆದದ್ದು ನನಗೆ ಇನ್ನೂ ಸರಿಯಾಗಿ ಅರ್ಥವಾಗಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಾಡಿನ ಬಗ್ಗೆ ಒಂದಿಷ್ಟು. ಬೆಳಗಿನ ಹತ್ತರಿಂದ ಮಧ್ಯಾಹ್ನದ ನಾಲ್ಕರವರೆಗೆ ಯಾರೂ ಬಯಲಿಗೆ ಬರುವುದಿಲ್ಲ. ಆ ಹೊತ್ತಿಗೆ ನೆರಳುಗಂಟೆ ಎನ್ನುತ್ತೇವೆ. ಅಡುಗೆ, ಪಾಠ, ಜಗಳ, ನಿದ್ದೆ ಎಲ್ಲವೂ ಮರದಡಿಯಲ್ಲೇ. ಮರ ಕಡಿದು ಕಟ್ಟುವುದು ನಿಂತು ಎಂಬತ್ತು ವರ್ಷವಾಯಿತು. ಮರವೊಂದು ತಾನಾಗಿ ಉರುಳಿದಾಗ ತೆರೆದುಕೊಳ್ಳುವ ಜಾಗ ಬಿದ್ದನೆಲ. ಅಷ್ಟರೊಳಗೆ ಹಿಡಿಸುವುದನ್ನು ಮಾತ್ರ ಕಟ್ಟಬಹುದು. ಧ್ವನಿಮುದ್ರಣಗಳನ್ನಿಡುವ ನಿಮ್ಮ ಏಳು ತಂಪುಕೋಣೆಗಳಲ್ಲಿ ಮೂರರ ಛಾವಣಿಯನ್ನು ಅತ್ತಿಬೇರು ಸೀಳಿದೆ. ಧ್ವನಿಮುದ್ರಣಗಳನ್ನೆಲ್ಲ ನಾವು ಹರಳುಗಳಿಗೆ ಇಳಿಸಿಕೊಂಡಿದ್ದೇವೆ. ಹರಳು ಎಂದರೆ ಉಗುರಿನಷ್ಟಗಲದ ಗಾಜು, ಆದರೆ ಒಂದೊಂದನ್ನೂ ಮೊಳದಗಲದ ತಂಪುಗೂಡಿನಲ್ಲಿ ಬೇರೆಬೇರೆಯಾಗಿ ಇಡಬೇಕು. ಹೊಸದು ಸಿಗುವುದಿಲ್ಲ, ತೊಳೆದು ಮತ್ತೆ ಬಳಸುತ್ತೇವೆ. ತೊಳೆದರೆ ಒಳಗಿದ್ದ ದನಿ ಹೋದಂತೆಯೇ.

ನನಗೆ ಸಿಕ್ಕ ಬಿದ್ದನೆಲ ಚಿಕ್ಕದು, ಒಂದು ತಾರೆಮರದ್ದು. ನಾಲ್ಕು ಕೋಣೆ ಬರೆದೆ, ಐದನೆಯದು ಹಿಡಿಸಲಿಲ್ಲ. ಅಷ್ಟೂ ಹಾಡುಗಳಿಗೆ ಜಾಗವಿಲ್ಲವೆಂದಾಗ, ಹರಳುಗಳನ್ನು ನೋಡಿಕೊಳ್ಳುವ ಮೆಹರುನ್ನಿಸಾ ಯಾವುದನ್ನು ಬಿಡಬೇಕೆಂದು ಕೇಳಿದಳು. ನಿಮ್ಮ ಪಟ್ಟಿಯಲ್ಲಿ ಮುನ್ನೂರ ನಲವತ್ತು ಹಾಡುಗಳ ಮುಂದೆ "ಅಪೂರ್ಣ" ಎಂದು ಬರೆದಿತ್ತು. ಅವನ್ನು ಬಿಡೋಣ ಎಂದೆ.

"ಹಾಗೆ ಬರೆದವರು ಯಾರು, ಯಾಕೆ ಬರೆದರು ಅಂತ ನಮಗೆ ಗೊತ್ತಿಲ್ಲ ಶಾಲ್ಮಲಿ. ಸ್ವಲ್ಪ ತಡಿ," ಎಂದಳು.

ನಾನು ತಡೆಯಲಿಲ್ಲ. ಮುಂಗಾರಿಗೆ ಮೊದಲು ಹಳೆಯ ಕೋಣೆಗಳನ್ನು ಖಾಲಿ ಮಾಡಬೇಕಿತ್ತು. ಹನ್ನೆರಡು ದಿನಗಳಲ್ಲಿ ಇನ್ನೂರ ಹನ್ನೊಂದು ಹಾಡುಗಳನ್ನು ತೊಳೆದೆವು. ಅಪ್ಪಣೆಯ ಹಾಳೆಯಲ್ಲಿರುವುದು ನನ್ನ ಸಹಿ.

ಹದಿಮೂರನೆಯ ದಿನ ಕಣಿವೆಯ ಹಾಡಿಯಿಂದ, ಹತ್ತಾರು ಗುಡಿಸಲುಗಳ ಆ ಕೇರಿಯಿಂದ, ಜವನಮ್ಮ ಬಂದರು. ಎಂಬತ್ತನಾಲ್ಕು ವರ್ಷದ ಹೆಂಗಸು. ನೆರಳುಗಂಟೆಗೆ ಮೊದಲೇ ತಲುಪಬೇಕೆಂದು ಇನ್ನೂ ಕತ್ತಲಿರುವಾಗಲೇ ಹೊರಟಿದ್ದರಂತೆ. ಅವರ ಅಜ್ಜಿಯ ಅಜ್ಜಿ ಬೊಳ್ಳಿ ಎಂಬಾಕೆ ಇಲ್ಲಿ ಹಾಡಿದ್ದಳೆಂದು ಮನೆಯಲ್ಲಿ ಹೇಳುತ್ತಿದ್ದರು. ಇನ್ನು ಕಟ್ಟಡ ಇರುವುದಿಲ್ಲವೆಂದು ತಿಳಿದು, ಒಮ್ಮೆ ಕೇಳಿ ಹೋಗಲು ಬಂದಿದ್ದರು. ಪಟ್ಟಿಯಲ್ಲಿ ಹುಡುಕಿದೆವು. ಬೊಳ್ಳಿ, 2033, "ಗಾಯಕಿಗೆ ಮರೆವು. ಅಪೂರ್ಣ." ಮರುದಿನ ತೊಳೆಯಲು ತೆಗೆದಿಟ್ಟ ಹರಳುಗಳಲ್ಲಿ ಅದೂ ಇತ್ತು.

ಮೆಹರುನ್ನಿಸಾ ಹಾಡು ಹಾಕಿದಳು. ಎಳೆಯ ದನಿ, ಸ್ವಲ್ಪ ಒರಟು. ಎರಡು ಸಾಲು ಹಾಡಿ ನಿಂತಿತು. ಹಿಂದೆ ಪರೀಕ್ಷೆಗೆಂದು ಕೇಳಿದಾಗ ನಾನು ಅಲ್ಲಿಗೇ ನಿಲ್ಲಿಸಿದ್ದೆ. ಈ ಸಲವೂ ಕೈ ಚಾಚಿದೆ. ಜವನಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು, ಆ ಮೌನದೊಳಕ್ಕೆ ತಾವೇ ಒಂದು ಸಾಲು ಹಾಡಿದರು. ಅವರು ಮುಗಿಸಿದ್ದೇ ತಡ, ನೂರೈವತ್ತು ವರ್ಷ ಹಿಂದಿನ ಬೊಳ್ಳಿ ಮುಂದಿನ ಸಾಲನ್ನು ಎತ್ತಿಕೊಂಡಳು. ಒಂದು ಉಸಿರಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಮರ್ತಿಲ್ಲ ಕಣವ್ವ ಅವ್ಳು," ಎಂದರು ಜವನಮ್ಮ. "ನಾನು ಯೋಳ್ಲಿ ಅಂತ ಕಾಯ್ತಾವ್ಳೆ."

ನಾನು ನಿಮ್ಮ ನಕ್ಷೆಗಳನ್ನು ತಂದು ಹರಡಿದೆ. ಹದಿನಾಲ್ಕನೆಯ ಹಾಳೆಯಲ್ಲಿ ಧ್ವನಿಮುದ್ರಣ ಕೋಣೆ ಇದೆ: ಐದಡಿ, ಆರಡಿ, ಒಂದು ಕುರ್ಚಿ, ಒಬ್ಬರಿಗೆ. ಹಾಡಿನಲ್ಲಿ ಕೇಳುವವಳನ್ನು ಒಳಗೆ ಕೂರಿಸಿ, ಉತ್ತರ ಕೊಡುವವಳನ್ನು ಹೊರಗೆ ನಿಲ್ಲಿಸಿದಿರಾ? ಹಾಗಾದರೆ ನಾನು ತೊಳೆದ ಇನ್ನೂರ ಹನ್ನೊಂದರಲ್ಲಿ ಎಷ್ಟು ಹಾಡುಗಳು ಹೀಗೆಯೇ ಯಾರಿಗೋ ಕಾಯುತ್ತಿದ್ದವು? ಮೆಹರುನ್ನಿಸಾ ಮರುದಿನಕ್ಕೆಂದು ತೆಗೆದಿಟ್ಟ ಹರಳುಗಳನ್ನೆಲ್ಲ ಎತ್ತಿ ಒಳಗಿಟ್ಟಳು.

ಇಷ್ಟೇ ಆಗಿದ್ದರೆ ತಪ್ಪೊಪ್ಪಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮರುದಿನ ಅದೇ ಹಾಡಿನ ಅದೇ ಜಾಗದಲ್ಲಿ ಜವನಮ್ಮ ಬೇರೆಯೇ ಸಾಲು ಹಾಡಿದರು. ನಿನ್ನೆಯದು ಸರಿಯೋ ಇವತ್ತಿನದೋ ಎಂದು ಕೇಳಿದೆ.

"ನೆನ್ನೆ ಮಳೆ ಇರ್ನಿಲ್ಲ, ಇವತ್ತು ಬತ್ತಾ ಅದೆ," ಎಂದರು, ಇದರಲ್ಲಿ ಕೇಳುವುದೇನಿದೆ ಎಂಬಂತೆ.

ಅವರ ಸಾಲುಗಳನ್ನು ಹಿಡಿದು ಆ ಮೌನದಲ್ಲಿ ಸೇರಿಸಿಬಿಡೋಣ, ಹಾಡು ಪೂರ್ಣವಾಗುತ್ತದೆ ಎಂದೆ. ಅವರು ನಕ್ಕುಬಿಟ್ಟರು. "ನಂದ ತಕ್ಕೊಂಡೋಗಿ ಅಲ್ಲಿ ತುಂಬ್ಬುಟ್ರೆ ನನ್ ಮೊಮ್ಮಗಳು ಎಲ್ಲಿ ಹಾಡಾಳು?"

ಉಳಿದ ನೂರ ಇಪ್ಪತ್ತೊಂಬತ್ತನ್ನು ತೊಳೆಯುವುದನ್ನು ನಿಲ್ಲಿಸಿದೆ. ನನ್ನ ನಕ್ಷೆಯನ್ನೂ ಬದಲಿಸಿದ್ದೇನೆ: ಕಚೇರಿಯ ಕೋಣೆ ತೆಗೆದು ಹರಳುಗಳಿಗೆ ಕೊಟ್ಟೆ. ಕೇಳುವ ಕೋಣೆಯಲ್ಲಿ ಎರಡು ಮಣೆಗಳು ಎದುರುಬದುರು. ನಕ್ಷೆಗೆ ಒಪ್ಪಿಗೆ ಕೊಡಬೇಕಾದ ಊರಸಭೆಯವರು ಇನ್ನೂ ಒಪ್ಪಿಲ್ಲ. ಅವರಿಗೆ ಸಿಕ್ಕಿರುವ ಕಾರಣ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಬೊಳ್ಳಿ ಹಾಡಿದ ದಿನದ ಸಂಗ್ರಹಾಲಯದ ದಿನಚರಿಯಲ್ಲಿ "ಎರಡು ಸಲ ಕರೆಂಟು ಹೋಯಿತು" ಎಂದಿದೆ. ನಾವು ಮೌನ ಅನ್ನುವುದು ಬರೀ ಕರೆಂಟು ಹೋದದ್ದು, ಮುದುಕಿ ಜಾಣೆ, ಜಾಗ ನೋಡಿ ಹಾಡುತ್ತಾಳೆ ಎನ್ನುತ್ತಾರೆ. ಮೆಹರುನ್ನಿಸಾ ಆ ಮೌನದಲ್ಲಿ ಬೊಳ್ಳಿಯ ಉಸಿರು ಕೇಳುತ್ತದೆ ಎನ್ನುತ್ತಾಳೆ. ನನಗೆ ಒಂದು ದಿನ ಕೇಳಿಸಿತು. ಮಾರನೆಯ ದಿನ ಕೇಳಿಸಲಿಲ್ಲ. ಅಂದು ಕೇಳಿಸಿದ್ದು ನನ್ನದೇ ಉಸಿರಿರಬಹುದು.

ಆದರೆ ಆ ಹಾಡಿನಲ್ಲಿರುವ ಮೌನಗಳು ಎರಡಲ್ಲ, ಮೂರು. ಮೂರನೆಯದು ತುಂಬ ಉದ್ದ. ಅದು ಬಂದಾಗ ಜವನಮ್ಮನೂ ಹಾಡುವುದಿಲ್ಲ, ಕೈಕಟ್ಟಿ ಕೂರುತ್ತಾರೆ. ಯಾಕೆಂದು ಕೇಳಿದೆ.

"ಇದು ನಂದಲ್ಲ ಕಣವ್ವ. ಇನ್ಯಾರ್ದೋ. ನಮ್ಮಜ್ಜಿನೂ ಇಲ್ಲಿ ಸುಮ್ನಾಗ್ತಿತ್ತು."

ಯಾರದು? ಹಾಡಿಯಲ್ಲಿ ಯಾರಿಗೂ ಗೊತ್ತಿಲ್ಲ. ಗಂಡಸಿನದೋ, ಮಗುವಿನದೋ, ಹಕ್ಕಿಯದೋ, ಸತ್ತವರದೋ. ನೀವು ಆ ಕೋಣೆಯನ್ನು ಎಷ್ಟು ದೊಡ್ಡದು ಮಾಡಬೇಕೆಂದು ಹೇಳಲು ಕೂಡ ನನಗಾಗುತ್ತಿಲ್ಲ. ಇಬ್ಬರಿಗೆ ಮಾಡಿ ಎನ್ನೋಣವೆಂದುಕೊಂಡೆ. ಈಗ ಅದೂ ಚಿಕ್ಕದೆನಿಸುತ್ತಿದೆ.

ಆದರೆ ನಿಮಗೆ ಸಾಧ್ಯವಿರುವ ಒಂದು ಕೆಲಸವಿದೆ, ನಮಗೆ ಯಾರಿಗೂ ಅದು ಸಾಧ್ಯವಿಲ್ಲ. ಈ ಕಾಗದ ನಿಮ್ಮ ಕೈಗೆ ಬರುವಾಗ ಬೊಳ್ಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಹೊಳೆ ದಾಟಿ ಅರ್ಧ ದಿನ ನಡೆದರೆ ಅವಳ ಹಾಡಿ ಸಿಗುತ್ತದೆ. ಯಂತ್ರ ಒಯ್ಯಬೇಡಿ. ಅವಳಿಗೆ ಬಿಡುವಾಗುವ ತನಕ ಅಂಗಳದಲ್ಲಿ ಕುಳಿತಿರಿ. ಆಮೇಲೆ ಕೇಳಿ, ಮೂರನೆಯ ಸಲ ನಿಲ್ಲಿಸುವುದು ಯಾರಿಗಾಗಿ ಎಂದು. ಅವಳು ಹೇಳಿದ್ದು ನನಗೆ ತಲುಪುವುದಿಲ್ಲ, ಗೊತ್ತು. ಅವಳು ಹಾಡಲು ಬಂದಾಗ, ಅವಳು ಹೆಸರಿಸಿದವರನ್ನೂ ಆ ಕೋಣೆಯ ಒಳಗೆ ಕರೆದು ಕೂರಿಸಿ.

ಶಾಲ್ಮಲಿ