ಅಪ್ಪನ ಹಸುವಿನ ಗಂಟೆ

ಹಾರ್ಲನ್ ಅಣ್ಣ,

ಇವತ್ತು ನವೆಂಬರಿನ ಮೂರನೇ ಶನಿವಾರ. ಪ್ರತಿ ವರ್ಷ ನಿನ್ನ ಕಾಲೇಜಿನ ಮೇಲೆ ಆಡುತ್ತಿದ್ದ ಈ ದಿನ ನಮ್ಮ ಹುಡುಗರು ಹೆಸರೇ ಕೇಳಿರದ ಯಾವುದೋ ಕಾಲೇಜಿನ ಜೊತೆ ಫುಟ್‌ಬಾಲ್ ಆಡಿದರು. ಗೆದ್ದರು. ಅರ್ಧ ಗ್ಯಾಲರಿ ಖಾಲಿ. ಟಿವಿಯವರು ಕರೆದರು ಅಂತ ನಿಮ್ಮವರು ದೊಡ್ಡ ಲೀಗಿಗೆ ಹೋದರಲ್ಲ, ಇನ್ನು ನಾವು ಯಾರನ್ನ ಬೈಯಬೇಕು?

ಮನೆಗೆ ಬಂದರೆ ಡಾರ್ಲೀನ್ ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಮಾರ್ಚಿನಲ್ಲಿ ನಿನ್ನನ್ನ ಮಣ್ಣು ಮಾಡಿದ ಮೇಲೆ ಅವರು ಬಂದದ್ದು ಇದೇ ಮೊದಲು.

"ಇವತ್ತು ಒಬ್ಬಳೇ ಕೂರೋಕಾಗ್ಲಿಲ್ಲ ಕಣೋ," ಅಂದರು.

ಅಪ್ಪನ ಹಸುವಿನ ಗಂಟೆ ಮೇಜಿನ ಮೇಲೇ ಇತ್ತು. ಜಗಳವಾಡಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದರೂ, ಸೋತ ಕಾಲೇಜಿನವನು ಮರುದಿನ ಅದನ್ನ ಗೆದ್ದವನ ಮನೆಗೆ ತಾನೇ ಒಯ್ದು ಕೊಡೋದನ್ನ ನಾವಿಬ್ಬರೂ ತಪ್ಪಿಸಿರಲಿಲ್ಲ. ಹೋದ ವರ್ಷ ಸೋತವನು ನಾನು. ನಮ್ಮ ಲೀಗು ಬಿಟ್ಟುಹೋಗೋರಿಗೆ ಯಾಕೆ ಕೊಡಬೇಕು ಅಂತ ಹಟ ಹಿಡಿದು ಮನೆಯಲ್ಲೇ ಕೂತೆ.

ಅತ್ತಿಗೆ ಗಂಟೆ ನೋಡಿ ಅಂದರು, "ಹೋದ ವರ್ಷ ಆಟದ ಮರುದಿನ ನಿಮ್ಮಣ್ಣ ಸಂಜೆತನಕ ಜಗಲಿ ಬಿಟ್ಟು ಏಳ್ಲಿಲ್ಲ. ಚಳಿ, ಒಳಗೆ ಬಾ ಅಂದ್ರೆ, 'ತಾಳೇ, ವರ್ನ್ ಬರ್ತಾನೆ, ಆ ಸೋತ ಮುಖ ನೋಡ್ಬೇಕು' ಅಂದ. ನಿಂಗೆ ಅಂತ ಸೇಬಿನ ಪೈ ಬೇರೆ ಮಾಡಿಸಿದ್ದ."

ನಾನು ಗಂಟೆ ತೆಗೆದು ಅವರ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ನಂಗ್ಯಾಕೋ? ಗೆದ್ದವನ ಕೈಗೇ ಕೊಡಬೇಕು ಅಲ್ವಾ?"

ಅವರ ಕಾರು ತಿರುವಿನಲ್ಲಿ ಮರೆಯಾಗೋ ತನಕ, ಗಂಟೆ ಸದ್ದು ಮಾಡದ ಹಾಗೆ ಅದರ ನಾಲಿಗೆ ಹಿಡಿದುಕೊಂಡೇ ನಿಂತಿದ್ದೆ.